ಬಿಸಿಲಿನಿಂದಲೇ ತಂಪು!

ಬೇಸಿಗೆ ರಜೆ ಬಂತೆಂದರೆ ಚಾರಣ, ಶಿಬಿರಗಳ ಸಡಗರ. ವಿದ್ಯುತ್ ಇಲ್ಲದ ಕಾಡಂಚಿನಲ್ಲಿ ಮೂರು ದಿನ ಹಾಲು, ಮೊಸರು ಕೆಡದಂತೆ ಇಡುವುದು ಹೇಗೆ? ಶಿಬಿರಕ್ಕೆ ಹೊರಟವರಲ್ಲಿ ಮಧುಮೇಹವಿರುವ ಮಗುವೊಂದಿದ್ದರೆ ಪ್ರಶ್ನೆ ಇನ್ನೂ ಗಂಭೀರ. ಬಳಕೆಗೆ ತೆರೆಯದ ಇನ್ಸುಲಿನ್ ಅನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಕಾಪಾಡಬೇಕು.

ಮಡಚಿ ಒಯ್ಯಬಹುದಾದ ಸೌರಫಲಕ, ಒಂದು ಬ್ಯಾಟರಿ, 12 ವೋಲ್ಟ್‌ನ ಪುಟ್ಟ ಫ್ರಿಜ್ ಇದ್ದರೆ ಈ ಕೆಲಸ ಸಾಧ್ಯ. ಆದರೆ ಅಂಗಡಿಗೆ ಹೋಗುವ ಮೊದಲು ಕಾಗದ, ಪೆನ್ಸಿಲ್ ಹಿಡಿಯುವುದು ಒಳ್ಳೆಯದು. ಇಲ್ಲಿ ಬೇಕಾದದ್ದು ಏಳನೆಯ ತರಗತಿಯ ಗುಣಾಕಾರ ಮಾತ್ರ.

ಖರ್ಚೆಷ್ಟು, ಜಮೆಯೆಷ್ಟು?

ಕಂಪ್ರೆಸರ್ ಇರುವ ಪುಟ್ಟ ಫ್ರಿಜ್ ಓಡುವಾಗ ಸುಮಾರು 45 ವ್ಯಾಟ್ ಬಳಸುತ್ತದೆ ಎನ್ನೋಣ. ಅದು ಸದಾ ಓಡುವುದಿಲ್ಲ. ಸಾಕಷ್ಟು ತಂಪಾದೊಡನೆ ತಾನೇ ನಿಲ್ಲುತ್ತದೆ. ದಿನಕ್ಕೆ ಒಟ್ಟು 8 ಗಂಟೆ ಓಡಿದರೆ ಖರ್ಚು 45 × 8 = 360 ವ್ಯಾಟ್-ಗಂಟೆ. ಸೆಕೆ ಹೆಚ್ಚಿದಷ್ಟೂ ಖರ್ಚು ಏರುತ್ತದೆ.

ಇನ್ನು ಜಮೆ. ಫಲಕದ ಮೇಲೆ '100 ವ್ಯಾಟ್' ಎಂದು ಬರೆದಿರುತ್ತದೆ. ಅದು ಚದರ ಮೀಟರಿಗೆ 1000 ವ್ಯಾಟ್ ಬೆಳಕು ಬಿದ್ದು, ಕೋಶಗಳ ಉಷ್ಣತೆ 25 ಡಿಗ್ರಿ ಇದ್ದಾಗ ಪ್ರಯೋಗಾಲಯದಲ್ಲಿ ಅಳೆದ ಸಂಖ್ಯೆ. ಬೆಳಿಗ್ಗೆ, ಸಂಜೆ ಬಿಸಿಲು ಓರೆ. ಆದ್ದರಿಂದ ನಮ್ಮ ಬೇಸಿಗೆಯ ಇಡೀ ದಿನದ ಬಿಸಿಲನ್ನು ಸುಮಾರು 5 ಗಂಟೆಯ ಪೂರ್ಣ ಬಿಸಿಲಿಗೆ ಸಮ ಎಂದು ಹಿಡಿಯುವುದು ಸುರಕ್ಷಿತ. ಅಂದರೆ 500 ವ್ಯಾಟ್-ಗಂಟೆ. ಫಲಕ ಕಾಯುವುದರಿಂದ, ಧೂಳಿನಿಂದ, ತಂತಿ ಮತ್ತು ಬ್ಯಾಟರಿಯಲ್ಲಿ ಆಗುವ ನಷ್ಟದಿಂದ ಕೈಗೆ ದಕ್ಕುವುದು 350ರ ಆಸುಪಾಸು.

ಜಮೆಗಿಂತ ಖರ್ಚೇ ತುಸು ಹೆಚ್ಚಾಯಿತಲ್ಲ! ಅರ್ಧ ದಿನ ಮೋಡ ಕವಿದರೂ ಕೊರತೆ ಬೀಳುತ್ತದೆ. ಆದ್ದರಿಂದ 150 ವ್ಯಾಟ್‌ನ ಫಲಕವೇ ಲೇಸು. ಫಲಕ ಬಿಸಿಲಲ್ಲಿ, ಫ್ರಿಜ್ ನೆರಳಲ್ಲಿ ಇರಲಿ.

ಸೂರ್ಯ ಮುಳುಗಿದ ಮೇಲೆ ಬ್ಯಾಟರಿಯೇ ಗತಿ. 12 ವೋಲ್ಟ್, 50 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ 600 ವ್ಯಾಟ್-ಗಂಟೆ ಇರುತ್ತದೆ. ಸೀಸ-ಆಮ್ಲದ ಬ್ಯಾಟರಿಯನ್ನು ಅರ್ಧಕ್ಕಿಂತ ಹೆಚ್ಚು ಬರಿದು ಮಾಡಿದರೆ ಅದರ ಆಯುಸ್ಸು ಕುಗ್ಗುತ್ತದೆ. ಲಿಥಿಯಂ ಬ್ಯಾಟರಿ ಹಗುರ, ಬಹುಪಾಲು ಬಳಸಲೂಬಹುದು. ಆದರೆ ಬೆಲೆ ಹೆಚ್ಚು.

ಅಗ್ಗದ ಪೆಟ್ಟಿಗೆಯ ಗುಟ್ಟು

ಕಂಪ್ರೆಸರ್ ಇಲ್ಲದ ಅಗ್ಗದ ತಂಪು ಪೆಟ್ಟಿಗೆಗಳೂ ಸಿಗುತ್ತವೆ. ಎರಡು ಬೇರೆ ವಾಹಕಗಳ ಬೆಸುಗೆಯಲ್ಲಿ ವಿದ್ಯುತ್ ಹರಿದರೆ ಒಂದೆಡೆ ತಂಪು, ಇನ್ನೊಂದೆಡೆ ಬಿಸಿಯಾಗುತ್ತದೆ ಎಂಬುದನ್ನು 1834ರಲ್ಲಿ ಫ್ರಾನ್ಸಿನ ಪೆಲ್ಟಿಯರ್ ಕಂಡುಹಿಡಿದ. ಈ ಪೆಟ್ಟಿಗೆಗಳು ಅದೇ ತತ್ತ್ವದವು. ಸಾಮಾನ್ಯವಾಗಿ ಇವು ಹೊರಗಿನ ಗಾಳಿಗಿಂತ ಸುಮಾರು 20 ಡಿಗ್ರಿ ಮಾತ್ರ ತಂಪಾಗಿಸಬಲ್ಲವು. ಹೊರಗೆ 38 ಇದ್ದರೆ ಒಳಗೆ 18! ಎಳನೀರಿಗೆ ಸಾಕು, ಇನ್ಸುಲಿನ್‌ಗೆ ಸಾಲದು. ಜೊತೆಗೆ ಇವು ಬಿಡುವಿಲ್ಲದೆ ವಿದ್ಯುತ್ ಕುಡಿಯುತ್ತವೆ.

ಮಂಜುಗಡ್ಡೆಯೂ ಬ್ಯಾಟರಿಯೇ

ಒಂದು ಕಿಲೋ ಮಂಜುಗಡ್ಡೆ ಕರಗುವಾಗ 334 ಕಿಲೋಜೂಲ್, ಎಂದರೆ ಸುಮಾರು 93 ವ್ಯಾಟ್-ಗಂಟೆಯಷ್ಟು ಶಾಖವನ್ನು ಹೀರಿಕೊಳ್ಳುತ್ತದೆ. ವಿದ್ಯುತ್ ತಲುಪದ ಊರುಗಳಲ್ಲಿ ಲಸಿಕೆ ಕಾಪಾಡುವ ಒಂದು ಬಗೆಯ ಸೌರ ಫ್ರಿಜ್ ಈ ಗುಣವನ್ನೇ ನೆಚ್ಚಿದೆ: ಹಗಲು ಮಂಜುಗಡ್ಡೆ ಕಟ್ಟಿಸಿ, ರಾತ್ರಿ ಬ್ಯಾಟರಿಯಿಲ್ಲದೆ ಅದರ ತಂಪಿನಲ್ಲೇ ಲಸಿಕೆ ಉಳಿಸುತ್ತದೆ.

ನಾವೂ ಹೊರಡುವ ಹಿಂದಿನ ರಾತ್ರಿ ಮನೆಯ ಫ್ರಿಜ್ಜಿನಲ್ಲಿ ನೀರಿನ ಬಾಟಲಿಗಳನ್ನು ಗಟ್ಟಿಯಾಗಿಸಿ ಒಯ್ಯಬಹುದು. ಮುಚ್ಚಳವನ್ನು ಪದೇ ಪದೇ ತೆಗೆಯದಿರುವುದೂ ಒಂದು ಉಳಿತಾಯ. ಆದರೆ ಇನ್ಸುಲಿನ್ ಮಂಜುಗಡ್ಡೆಗೆ ತಾಗಬಾರದು; ಒಮ್ಮೆ ಹೆಪ್ಪುಗಟ್ಟಿದರೆ ಅದನ್ನು ಬಳಸುವಂತಿಲ್ಲ. ಪೆಟ್ಟಿಗೆಯೊಳಗೊಂದು ಥರ್ಮಾಮೀಟರ್ ಇರಲಿ, ಹೊರಡುವ ಮುನ್ನ ವೈದ್ಯರ ಸಲಹೆಯೂ ಇರಲಿ.

ಮಕ್ಕಳೇ, ಶಿಬಿರಕ್ಕೆ ಒಂದು ವಾರ ಮೊದಲೇ ಇವೆಲ್ಲವನ್ನೂ ಮನೆಯ ಅಂಗಳದಲ್ಲಿ ಜೋಡಿಸಿ, ಎರಡು ದಿನ ಗಂಟೆಗೊಮ್ಮೆ ಉಷ್ಣತೆ ಬರೆದಿಡಿ. ಲೆಕ್ಕ ತಪ್ಪಿ ಹಾಲು ಕೆಟ್ಟರೆ ಒಂದು ಹೊತ್ತಿನ ಕಾಫಿ ತಪ್ಪೀತು. ಔಷಧ ಕೆಟ್ಟರೆ ಕಾಡಿನ ನಡುವೆ ಬೇರೆ ದಾರಿಯಿಲ್ಲ.