ಸರಾಸರಿ ಪ್ಯಾಕೇಜ್ 6 ಲಕ್ಷ ಅಂದರೆ ನಿಮಗೆಷ್ಟು? ಕೋಡಿಂಗ್ ಕಲಿಯುವವರಿಗೆ ಚಿನ್ನದ ಗಣಿಯಿಂದ ಒಂದಿಷ್ಟು ಸಂಖ್ಯಾಶಾಸ್ತ್ರ

ಕೋಡಿಂಗ್ ತರಬೇತಿ ಕೇಂದ್ರಗಳ ಕರಪತ್ರ ನೀವು ನೋಡಿರುತ್ತೀರಿ. ಶುಲ್ಕ ಎಷ್ಟು ಅನ್ನುವುದು ಕೆಳಗೆ ಸಣ್ಣ ಅಕ್ಷರದಲ್ಲಿ, ‘ನಮ್ಮಲ್ಲಿ ಕಲಿತವರ ಸರಾಸರಿ ಪ್ಯಾಕೇಜ್ 6 ಲಕ್ಷ’ ಅನ್ನುವುದು ಮೇಲೆ ದಪ್ಪ ಅಕ್ಷರದಲ್ಲಿ. ಇದನ್ನು ಓದಿದ ಮನೆಯವರು ‘ಸೇರಿದರೆ ಹೆಚ್ಚುಕಮ್ಮಿ 6 ಲಕ್ಷ ಸಿಗುತ್ತದೆ’ ಎಂದು ಅರ್ಥ ಮಾಡಿಕೊಳ್ಳುತ್ತಾರೆ. ಆ ನಂಬಿಕೆಯ ಮೇಲೆ ಸಾಲವನ್ನೂ ಮಾಡುತ್ತಾರೆ.

ತಮಾಷೆ ಏನೆಂದರೆ, ಈ ಮಾತನ್ನು ಪರೀಕ್ಷಿಸಲು ಬೇಕಾದ ಗಣಿತವನ್ನು ಅದೇ ತರಗತಿಯ ಎರಡನೇ ಮೂರನೇ ವಾರದಲ್ಲೇ ಕಲಿಸುತ್ತಾರೆ. ಸರಾಸರಿ, ಮಧ್ಯಾಂಕ, ಬಹುಲಕ, ಮಾನಕ ವಿಚಲನೆ. ಎಸ್ಸೆಸ್ಸೆಲ್ಸಿಯಲ್ಲಿ ಕೋಷ್ಟಕ ಎಳೆದು ಬಿಡಿಸಿದ ಲೆಕ್ಕಗಳೇ ಇವು. ಪೈಥಾನ್‌ನಲ್ಲಿ ಒಂದೊಂದಕ್ಕೂ ಒಂದೊಂದು ಸಾಲು ಸಾಕು, ಉತ್ತರ ಬಂದುಬಿಡುತ್ತದೆ. ಆ ಉತ್ತರಕ್ಕೆ ಏನು ಅರ್ಥ ಅನ್ನುವಲ್ಲಿ ಹೆಚ್ಚಿನವರು ಎಡವುತ್ತಾರೆ. ಆದ್ದರಿಂದ ಕೋಡ್ ಬದಿಗಿಟ್ಟು, ಕೋಲಾರದ ಚಿನ್ನದ ಗಣಿಗಳ ಊರಿಗೆ ಹೋಗಿ ಈ ನಾಲ್ಕು ಪದಗಳನ್ನು ನೋಡೋಣ. ಅಂಕಿ ಅಂಶವನ್ನು ತಪ್ಪಾಗಿ ಓದಿದರೆ ಏನಾಗುತ್ತದೆ ಎಂಬುದಕ್ಕೆ ಅಲ್ಲಿ ಉದಾಹರಣೆಗಳಿಗೆ ಬರವಿಲ್ಲ.

ಕೋರಮಂಡಲ್ ನಿಲ್ದಾಣದಲ್ಲಿ ಹತ್ತು ದಿನ

ಬಂಗಾರಪೇಟೆಯಿಂದ ಮಾರಿಕುಪ್ಪಂಗೆ ಹೋಗುವ ಕವಲು ಹಳಿಯಲ್ಲಿ ಕೋರಮಂಡಲ್ ಒಂದು ಪುಟ್ಟ ನಿಲ್ದಾಣ. ಹೆಸರು ಕೇಳಿ ಸಮುದ್ರ ತೀರ ನೆನಪಿಸಿಕೊಳ್ಳಬೇಡಿ, ಇದು ಕೆಜಿಎಫ್‌ನ ಒಂದು ಭಾಗ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದ ಮೇಲೆ ಇಲ್ಲಿನ ಸಾವಿರಾರು ಜನ ಬೆಳಗಾಗುತ್ತಲೇ ರೈಲು ಹತ್ತಿ ಬೆಂಗಳೂರಿಗೆ ಹೋಗಿ, ರಾತ್ರಿ ವಾಪಸ್ ಬರುತ್ತಾರೆ. ಅವರಿಗೆ ರೈಲು ಎಷ್ಟು ತಡ ಅನ್ನುವುದು ಸಂಬಳದ ಪ್ರಶ್ನೆ.

ಒಂದು ರೈಲು ಹತ್ತು ದಿನ ಎಷ್ಟೆಷ್ಟು ನಿಮಿಷ ತಡವಾಯಿತು ಎಂದು ಬರೆದಿಟ್ಟುಕೊಂಡಿದ್ದೀರಿ ಎಂದುಕೊಳ್ಳಿ. ಇವು ಉದಾಹರಣೆಗಾಗಿ ನಾವೇ ಹಾಕಿಕೊಂಡ ಅಂಕಿಗಳು: 2, 3, 0, 4, 3, 5, 2, 3, 4, 74. ಕೊನೆಯ ದಿನ ಎಲ್ಲೋ ಸಿಗ್ನಲ್ ಕೆಟ್ಟಿತ್ತು. ಒಟ್ಟು 100 ನಿಮಿಷ, ಹತ್ತು ದಿನ. ಸರಾಸರಿ 10.

ಈಗ ಪಟ್ಟಿಯನ್ನು ಮತ್ತೊಮ್ಮೆ ನೋಡಿ. ರೈಲು ಹತ್ತು ನಿಮಿಷ ತಡವಾದ ದಿನ ಒಂದಾದರೂ ಇದೆಯೇ? ಇಲ್ಲ. ಹತ್ತರ ಹತ್ತಿರಕ್ಕೂ ಯಾವ ದಿನವೂ ಬಂದಿಲ್ಲ. ಸರಾಸರಿ ಅಂದರೆ ‘ಸಾಮಾನ್ಯವಾಗಿ ಆಗುವುದು’ ಅನ್ನುವುದು ನಾವೆಲ್ಲ ನಂಬಿಕೊಂಡಿರುವ ಮಾತು, ಆದರೆ ಅದು ನಿಜವಲ್ಲ. ಒಟ್ಟು ತಡವನ್ನು ಹತ್ತೂ ದಿನಕ್ಕೆ ಸಮನಾಗಿ ಹಂಚಿದ್ದರೆ ದಿನಕ್ಕೆಷ್ಟು ಬೀಳುತ್ತಿತ್ತು ಎಂಬುದನ್ನಷ್ಟೇ ಸರಾಸರಿ ಹೇಳುತ್ತದೆ. ನಿಜವಾಗಿ ಹಾಗೆ ಯಾರೂ ಹಂಚುವುದಿಲ್ಲ.

ಪಟ್ಟಿಯನ್ನು ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿ: 0, 2, 2, 3, 3, 3, 4, 4, 5, 74. ನಟ್ಟನಡುವೆ ಇರುವ ಎರಡೂ ಅಂಕಿ 3. ಹಾಗಾಗಿ ಮಧ್ಯಾಂಕ 3. ಅತಿ ಹೆಚ್ಚು ಸಲ ಬಂದಿರುವುದೂ 3, ಅದೇ ಬಹುಲಕ. ಕೊನೆಯ ದಿನದ 74 ಅನ್ನು 740 ಮಾಡಿದರೂ ಇವೆರಡೂ ಅಲುಗುವುದಿಲ್ಲ. ಸರಾಸರಿ ಮಾತ್ರ 76.6ಕ್ಕೆ ಹಾರುತ್ತದೆ. (ಬಹುಲಕದ ಬಗ್ಗೆ ಒಂದು ಎಚ್ಚರಿಕೆ: ಎರಡು ಅಂಕಿಗಳು ಸಮಸಮವಾಗಿ ಬಂದಿದ್ದರೆ ಪೈಥಾನ್‌ನ ಈಗಿನ ಆವೃತ್ತಿಗಳ ‘ಮೋಡ್’ ಮೊದಲು ಕಂಡದ್ದನ್ನು ಮಾತ್ರ ಹೇಳಿ ಸುಮ್ಮನಾಗುತ್ತದೆ. ಎಲ್ಲವೂ ಬೇಕಿದ್ದರೆ ‘ಮಲ್ಟಿಮೋಡ್’ ಬಳಸಬೇಕು.)

ಹಾಗಾದರೆ ಸರಾಸರಿ ಬಿಟ್ಟು ಯಾವಾಗಲೂ ಮಧ್ಯಾಂಕ ಹಿಡಿಯೋಣವೇ? ಅದೂ ಆಗುವುದಿಲ್ಲ. ಇನ್ನೊಂದು ರೈಲು ಇದೆ ಅಂದುಕೊಳ್ಳಿ. ಅದರ ಹತ್ತು ದಿನ: 8, 9, 10, 10, 10, 10, 10, 11, 11, 11. ಸರಾಸರಿ ಇದಕ್ಕೂ 10. ದಿನವೂ ತಡ, ಆದರೆ ಎಷ್ಟು ತಡ ಅಂತ ಗೊತ್ತಿರುವ ರೈಲು. ದಿನನಿತ್ಯದ ಕೆಲಸಕ್ಕೆ ನಾವಾದರೆ ಮೊದಲನೆಯದನ್ನು ಹಿಡಿಯುತ್ತೇವೆ, ಹತ್ತರಲ್ಲಿ ಒಂಬತ್ತು ದಿನ ಆರಾಮ. ಸಂದರ್ಶನದ ದಿನ ಮಾತ್ರ ಎರಡನೆಯದು. ಆ ಒಂದು 74 ನಿಮಿಷ ಅವತ್ತೇ ಬಂದರೆ ಗತಿಯೇನು?

ಮಾನಕ ವಿಚಲನೆ ಅಳೆಯುವುದು ಈ ವ್ಯತ್ಯಾಸವನ್ನೇ. ಪ್ರತಿ ದಿನದ ಅಂಕಿಯೂ ಸರಾಸರಿಯಿಂದ ಎಷ್ಟು ದೂರವಿದೆ ನೋಡಿ, ಆ ದೂರಗಳ ವರ್ಗಗಳನ್ನು ಕೂಡಿಸಿ, ಎಷ್ಟು ದಿನವೋ ಅಷ್ಟರಿಂದ ಭಾಗಿಸಿ, ವರ್ಗಮೂಲ ತೆಗೆದರೆ ಮುಗಿಯಿತು. ಮೊದಲ ರೈಲಿಗೆ ಅದು ಸುಮಾರು 21.4 ನಿಮಿಷ, ಎರಡನೆಯದಕ್ಕೆ 0.9. ಸರಾಸರಿ ಒಂದೇ ಆಗಿದ್ದರೂ ಎರಡು ರೈಲುಗಳಿಗೂ ಅಜಗಜಾಂತರ. ಇನ್ನು ‘ಸರಾಸರಿಯ ಆಚೀಚೆ ಒಂದು ಮಾನಕ ವಿಚಲನೆಯೊಳಗೆ ಮೂರನೇ ಎರಡು ಭಾಗ ಇರುತ್ತದೆ’ ಎಂದು ಉರುಹೊಡೆದವರಿಗೆ ಒಂದು ಮಾತು. ಗಂಟೆಯಾಕಾರದಲ್ಲಿ ಹರಡಿದ ಅಂಕಿಗಳಿಗೆ ಮಾತ್ರ ಅದು ಹೊಂದುತ್ತದೆ. ನಮ್ಮ ಮೊದಲ ರೈಲಿಗೆ ಅದನ್ನು ಹಚ್ಚಿದರೆ 11 ನಿಮಿಷ ಮುಂಚೆಯೇ ರೈಲು ಬರುವ ದಿನಗಳೂ ಇರಬೇಕಾಗುತ್ತದೆ!

ಇಲ್ಲಿ ಕಲಿಯುವವರನ್ನು ಕಂಗೆಡಿಸುವ ಒಂದು ಸಂಗತಿಯಿದೆ. ಇದೇ ಹತ್ತು ಅಂಕಿಗಳನ್ನು ನಂಪೈಗೆ ಕೊಟ್ಟು ಮಾನಕ ವಿಚಲನೆ ಕೇಳಿದರೆ 21.4 ಬರುತ್ತದೆ. ಪಾಂಡಾಸ್‌ಗೆ ಕೊಟ್ಟರೆ 22.5. ಯಾವುದೂ ತಪ್ಪಲ್ಲ. ನಂಪೈ ತಾನಾಗಿಯೇ 10ರಿಂದ ಭಾಗಿಸುತ್ತದೆ, ಪಾಂಡಾಸ್ 9ರಿಂದ. ಈ ಹತ್ತು ದಿನಗಳೇ ನಿಮಗೆ ಬೇಕಾದ ಇಡೀ ಲೋಕವಾಗಿದ್ದರೆ 10ರಿಂದ ಭಾಗಿಸುವುದು ಸರಿ. ಹತ್ತು ದಿನಗಳನ್ನು ಮಾದರಿಯಾಗಿ ಇಟ್ಟುಕೊಂಡು ವರ್ಷವಿಡೀ ರೈಲು ಹೇಗಿರುತ್ತದೆ ಎಂದು ಅಂದಾಜು ಮಾಡುವುದಾದರೆ ಒಂದು ಕಡಿಮೆ ಮಾಡಿ ಭಾಗಿಸುತ್ತಾರೆ. ಯಾಕೆಂದರೆ ದೂರವನ್ನು ಅಳೆಯಲು ಬಳಸಿದ ಸರಾಸರಿಯೂ ಈ ಹತ್ತರಿಂದಲೇ ಬಂದದ್ದು. ಅದು ಇವುಗಳಿಗೆ ಸಹಜವಾಗಿ ಹತ್ತಿರ ಕೂರುತ್ತದೆ, ಚದುರುವಿಕೆ ಇರುವುದಕ್ಕಿಂತ ಕಡಿಮೆ ಕಾಣುತ್ತದೆ. ಆ ಕೊರತೆ ತುಂಬಲು ಈ ಸಣ್ಣ ತಿದ್ದುಪಡಿ.

ಒಂದು ಟನ್ ಕಲ್ಲಿನಲ್ಲಿ ಎಷ್ಟು ಗ್ರಾಂ?

ನಿಲ್ದಾಣದಿಂದ ಗಣಿಗೆ ಬರೋಣ. ಕೋಲಾರದ ಗಣಿಗಳಲ್ಲಿ 1880ರ ದಶಕದಿಂದ 2001ರವರೆಗೆ ಸುಮಾರು 5.1 ಕೋಟಿ ಟನ್ ಅದಿರಿನಿಂದ ಸುಮಾರು 800 ಟನ್ ಚಿನ್ನ ತೆಗೆದಿದ್ದಾರೆ. ಭಾಗಿಸಿದರೆ ಟನ್ನಿಗೆ ಹೆಚ್ಚುಕಡಿಮೆ 16 ಗ್ರಾಂ. ಇಷ್ಟು ಒಳ್ಳೆಯ ಅದಿರು ಇದ್ದ ಗಣಿಯನ್ನು ಯಾಕೆ ಮುಚ್ಚಿದರು ಎಂದು ಯಾರಾದರೂ ಕೇಳಬಹುದು. ಈ 16 ಅನ್ನುವುದು ನೂರಿಪ್ಪತ್ತು ವರ್ಷಗಳ ಸರಾಸರಿ. ಆರಂಭದ ದಶಕಗಳಲ್ಲಿ ಟನ್ನಿಗೆ 40 ಗ್ರಾಂಗೂ ಮೇಲೆ ಸಿಗುತ್ತಿತ್ತು, ಕೊನೆಕೊನೆಗೆ 3–4 ಗ್ರಾಂಗೆ ಇಳಿದಿತ್ತು. ಅಷ್ಟು ಹೊತ್ತಿಗೆ ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಹೋಗಿತ್ತು. ಅಲ್ಲಿಂದ ಕಲ್ಲನ್ನು ಮೇಲೆ ತರುವ ಖರ್ಚಿನ ಮುಂದೆ 3 ಗ್ರಾಂ ಏನೂ ಅಲ್ಲ. ಕೊನೆಯ ದಿನಗಳ ಕಾರ್ಮಿಕರ ಪಾಲಿಗೆ 16 ಗ್ರಾಂ ಅನ್ನುವುದು ಅಜ್ಜನ ಕಾಲದ ಮಾತು.

ಈ ಲೆಕ್ಕದಲ್ಲೇ ಹೊಸಬರು ಮಾಡುವ ದೊಡ್ಡ ತಪ್ಪೂ ಅಡಗಿದೆ. 1,000 ಟನ್ ಅದಿರು ಟನ್ನಿಗೆ 40 ಗ್ರಾಂನದು, 9,000 ಟನ್ ಟನ್ನಿಗೆ 4 ಗ್ರಾಂನದು ಎಂದಿಟ್ಟುಕೊಳ್ಳಿ. ಒಟ್ಟಾರೆ ಸರಾಸರಿ ಎಷ್ಟು? 40 ಮತ್ತು 4 ಕೂಡಿ ಎರಡರಿಂದ ಭಾಗಿಸಿ 22 ಅನ್ನುವವರು ಬಹಳ. ಸರಿಯಾಗಿ ನೋಡಿದರೆ ಸಿಗುವ ಚಿನ್ನ 40,000 ಮತ್ತು 36,000 ಗ್ರಾಂ, ಒಟ್ಟು 76,000. ಅದನ್ನು 10,000 ಟನ್ನಿಂದ ಭಾಗಿಸಿದರೆ 7.6 ಗ್ರಾಂ. ಗುಂಪುಗಳ ಗಾತ್ರ ಬೇರೆಬೇರೆ ಇದ್ದಾಗ ಸರಾಸರಿಗಳ ಸರಾಸರಿ ತೆಗೆಯಬಾರದು, ಪ್ರತಿ ಗುಂಪಿಗೂ ಅದರ ತೂಕ ಕೊಡಬೇಕು. ಪಾಂಡಾಸ್‌ನಲ್ಲಿ ಗುಂಪು ಮಾಡಿ ಸರಾಸರಿ ತೆಗೆದು, ಬಂದ ಉತ್ತರಗಳಿಗೆ ಮತ್ತೆ ಸರಾಸರಿ ಹಚ್ಚುವ ಕೋಡ್ ಬರೆಯುವುದು ಎಷ್ಟು ಸುಲಭವೋ, ಅಲ್ಲಿ ಜಾರಿಬೀಳುವುದೂ ಅಷ್ಟೇ ಸುಲಭ.

ಚಿನ್ನ ಕಲ್ಲಿನಲ್ಲಿ ಉಪ್ಪಿಟ್ಟಿನೊಳಗಿನ ರವೆಯಂತೆ ಹರಡಿರುವುದಿಲ್ಲ, ಅದರ ಮೇಲಿನ ಗೋಡಂಬಿಯಂತೆ ಅಲ್ಲೊಂದು ಇಲ್ಲೊಂದು. ಮಾದರಿ ಕಲ್ಲುಗಳನ್ನು ಪರೀಕ್ಷಿಸಿದರೆ ಬಹುಪಾಲಿನಲ್ಲಿ ಅಲ್ಪಸ್ವಲ್ಪ, ಒಂದೆರಡರಲ್ಲಿ ಕಣ್ಣು ಕೋರೈಸುವಷ್ಟು. ದಕ್ಷಿಣ ಆಫ್ರಿಕಾದ ವಿಟ್‌ವಾಟರ್ಸ್‌ರ್ಯಾಂಡ್ ಗಣಿಗಳ ಎಂಜಿನಿಯರ್ ಡ್ಯಾನಿ ಕ್ರೀಗ್ 1951ರಲ್ಲಿ ಇದರ ಪರಿಣಾಮವನ್ನು ಲೆಕ್ಕ ಹಾಕಿ ತೋರಿಸಿದರು. ಮಾದರಿಗಳಲ್ಲಿ ಬಹಳ ಚಿನ್ನ ಕಂಡ ಜಾಗವನ್ನು ಅಗೆದರೆ ಅಂದುಕೊಂಡದ್ದಕ್ಕಿಂತ ಕಡಿಮೆ ಸಿಗುತ್ತಿತ್ತು, ಕಡಿಮೆ ಕಂಡಲ್ಲಿ ಅಂದಾಜಿಗಿಂತ ಹೆಚ್ಚು. ಮೋಸವೇನಲ್ಲ. ಮಾದರಿಯಲ್ಲಿ ತುಂಬಾ ಚಿನ್ನ ಕಂಡಿದ್ದರೆ ಅದರಲ್ಲಿ ಒಂದು ಪಾಲು ಆ ಜಾಗದ ಗುಣ, ಇನ್ನೊಂದು ಪಾಲು ಉಳಿ ಬಿದ್ದ ಜಾಗದ ಅದೃಷ್ಟ. ಅಗೆಯುವಾಗ ಗುಣ ಉಳಿಯುತ್ತದೆ, ಅದೃಷ್ಟ ಉಳಿಯುವುದಿಲ್ಲ. ಅಕ್ಕಪಕ್ಕದ ಮಾದರಿಗಳಿಗೂ ತೂಕ ಕೊಟ್ಟು ಅಂದಾಜು ಮಾಡುವ ವಿಧಾನವನ್ನು ಮುಂದೆ ಫ್ರಾನ್ಸಿನ ಜಾರ್ಜ್ ಮ್ಯಾಥೆರಾನ್ ಬೆಳೆಸಿದರು. ಅದಕ್ಕೆ ಕ್ರೀಗ್ ಅವರ ನೆನಪಿನಲ್ಲಿ ಕ್ರೀಗಿಂಗ್ ಎಂದೇ ಹೆಸರು. ನೀವು ಮುಂದೆ ಮಷಿನ್ ಲರ್ನಿಂಗ್‌ನಲ್ಲಿ ಗಾಸಿಯನ್ ಪ್ರೋಸೆಸ್ ಎಂದು ಕಲಿಯುವುದು ಇದರ ಒಡಹುಟ್ಟು.

ಸೊನ್ನೆ ಬೇರೆ, ಖಾಲಿ ಬೇರೆ

ಕೋಲಾರದ ಗಣಿಯ ಆಳ ಚಿನ್ನಕ್ಕಷ್ಟೇ ಅಲ್ಲ, ಭೌತವಿಜ್ಞಾನಕ್ಕೂ ಬೇಕಾಗಿತ್ತು. ಆಕಾಶದಿಂದ ಸುರಿಯುವ ಮ್ಯುವಾನ್ ಕಣಗಳು ನೆಲದೊಳಗೆ ಎಷ್ಟು ದೂರ ಇಳಿಯುತ್ತವೆ ಎಂದು ವಿಜ್ಞಾನಿಗಳು 1960ರ ದಶಕದ ಆರಂಭದಲ್ಲಿ ಬೇರೆಬೇರೆ ಆಳಗಳಲ್ಲಿ ಎಣಿಸಿದರು. ಅತ್ಯಂತ ಆಳದಲ್ಲಿ ಉಪಕರಣ ಸುಮಾರು ಎರಡು ತಿಂಗಳು ಓಡಿದರೂ ಒಂದು ಕಣವೂ ಸಿಗಲಿಲ್ಲ. ನೋಡಿದವರಿಗೆ ವ್ಯರ್ಥ ಪ್ರಯತ್ನ ಅನ್ನಿಸಬಹುದು. ವಿಜ್ಞಾನಿಗಳಿಗೆ ಆ ಸೊನ್ನೆಯೇ ಬೇಕಾಗಿತ್ತು: ಮ್ಯುವಾನ್‌ಗಳ ಗದ್ದಲ ಇಲ್ಲದ ಜಾಗ ನ್ಯೂಟ್ರಿನೋ ಹುಡುಕಲು ಹೇಳಿಮಾಡಿಸಿದ್ದು. 1965ರಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಜಪಾನಿನ ಒಸಾಕಾ ಮತ್ತು ಇಂಗ್ಲೆಂಡಿನ ಡರಾಮ್ ವಿಶ್ವವಿದ್ಯಾಲಯಗಳ ತಂಡ ಸುಮಾರು 2.3 ಕಿಲೋಮೀಟರ್ ಆಳದಲ್ಲಿ ವಾತಾವರಣದ ನ್ಯೂಟ್ರಿನೋಗಳ ಗುರುತನ್ನು ಪತ್ತೆ ಮಾಡಿತು.

ಉಪಕರಣ ಓಡುತ್ತಿತ್ತು, ಕಣ ಬರಲಿಲ್ಲ: ಇದು ಸೊನ್ನೆ. ಉಪಕರಣ ಕೆಟ್ಟು ನಿಂತಿತ್ತು: ಇದು ಖಾಲಿ. ಟೇಬಲ್‌ನಲ್ಲಿ ಎರಡನ್ನೂ ಒಂದೇ ಥರ ತುಂಬಿದರೆ ಇಡೀ ಲೆಕ್ಕ ಹಾಳು. ಈ ವಿಷಯದಲ್ಲಿ ಪಾಂಡಾಸ್‌ನದು ಅಪಾಯಕಾರಿ ಸೌಜನ್ಯ. ಖಾಲಿ ಇರುವ ಸಾಲುಗಳನ್ನು ಸದ್ದಿಲ್ಲದೆ ಬಿಟ್ಟು, ಉಳಿದವುಗಳ ಸರಾಸರಿ ಕೊಟ್ಟುಬಿಡುತ್ತದೆ. ಎಷ್ಟನ್ನು ಬಿಟ್ಟೆ ಎಂದು ನೀವಾಗಿ ಕೇಳದಿದ್ದರೆ ಹೇಳುವುದಿಲ್ಲ.

ಬಿಟ್ಟುಹೋದ ಸಾಲುಗಳು ಮನುಷ್ಯರಾಗಿದ್ದರೆ? ಭಾರತದಲ್ಲಿ ಸಿಲಿಕೋಸಿಸ್, ಅಂದರೆ ಕಲ್ಲಿನ ದೂಳು ಶ್ವಾಸಕೋಶ ಸೇರಿ ಬರುವ ಕಾಯಿಲೆ, ಮೊದಲು ವರದಿಯಾದದ್ದು ಕೋಲಾರದ ಚಿನ್ನದ ಗಣಿಗಳಿಂದ, 1947ರಲ್ಲಿ ಎಂದು ವೈದ್ಯಕೀಯ ಪಠ್ಯಪುಸ್ತಕಗಳು ಹೇಳುತ್ತವೆ. ಯಾವುದೇ ಗಣಿಯಲ್ಲಿ ಇಂಥ ಕಾಯಿಲೆ ಎಷ್ಟಿದೆ ಎಂದು ತಿಳಿಯಲು ಕೆಲಸದಲ್ಲಿರುವವರನ್ನು ಮಾತ್ರ ಪರೀಕ್ಷಿಸಿದರೆ ಏನಾಗುತ್ತದೆ ಯೋಚಿಸಿ. ಉಸಿರು ಸಾಲದೆ ಕೆಲಸ ಬಿಟ್ಟು ಊರಿಗೆ ಹೋದವರು ಪಟ್ಟಿಯಲ್ಲಿಲ್ಲ, ತೀರಿಕೊಂಡವರೂ ಇಲ್ಲ. ಉಳಿದವರು ತಕ್ಕಮಟ್ಟಿಗೆ ಗಟ್ಟಿಮುಟ್ಟಾದವರು. ಗಣಿ ಎಷ್ಟು ಕೆಟ್ಟದ್ದೋ ಅಷ್ಟು ಬೇಗ ರೋಗಿಗಳು ಪಟ್ಟಿಯಿಂದ ಉದುರುತ್ತಾರೆ, ಅಷ್ಟರಮಟ್ಟಿಗೆ ಗಣಿ ಒಳ್ಳೆಯದಾಗಿ ಕಾಣುತ್ತದೆ! ಸಾಂಕ್ರಾಮಿಕಶಾಸ್ತ್ರದಲ್ಲಿ ಇದನ್ನು ‘ಆರೋಗ್ಯವಂತ ಕಾರ್ಮಿಕ ಪರಿಣಾಮ’ ಎನ್ನುತ್ತಾರೆ. ಇದನ್ನು ಸರಿಪಡಿಸುವ ಫಂಕ್ಷನ್ ಯಾವ ಲೈಬ್ರರಿಯಲ್ಲೂ ಇಲ್ಲ, ಪಟ್ಟಿಯಲ್ಲಿ ಇಲ್ಲದವರನ್ನು ಹುಡುಕಿಕೊಂಡು ಅವರ ಮನೆಗೇ ಹೋಗಬೇಕು.

ಕರಪತ್ರಕ್ಕೆ ವಾಪಸ್

ಈಗ ಆ 6 ಲಕ್ಷವನ್ನು ಬಿಡಿಸೋಣ. ಹತ್ತು ಜನರಿಗೆ ಕೆಲಸ ಸಿಕ್ಕಿದೆ ಎಂದಿಟ್ಟುಕೊಳ್ಳಿ. ಒಂಬತ್ತು ಜನಕ್ಕೆ ವರ್ಷಕ್ಕೆ 3 ಲಕ್ಷ, ಒಬ್ಬರಿಗೆ 33 ಲಕ್ಷ. ಒಟ್ಟು 60 ಲಕ್ಷ, ಸರಾಸರಿ 6 ಲಕ್ಷ. ಕರಪತ್ರದಲ್ಲಿ ಸುಳ್ಳಿಲ್ಲ. ಮಧ್ಯಾಂಕ 3 ಲಕ್ಷ ಎಂಬುದನ್ನು ಮಾತ್ರ ಅಚ್ಚು ಹಾಕಿಲ್ಲ. ಆ ತಂಡಕ್ಕೆ ಸೇರಿದ್ದವರು 25 ಜನ ಆಗಿದ್ದರೆ, ಕೆಲಸ ಸಿಗದ 15 ಜನ ಖಾಲಿ ಸಾಲುಗಳು. ಪಾಂಡಾಸ್ ಬಿಟ್ಟ ಹಾಗೆಯೇ ಕರಪತ್ರವೂ ಅವರನ್ನು ಬಿಟ್ಟಿದೆ. ಇಲ್ಲಿ ಆ ಖಾಲಿಗಳು ಸೊನ್ನೆಗಳೇ, ಯಾಕೆಂದರೆ ಶುಲ್ಕ ಕಟ್ಟಿದವರಲ್ಲಿ ಅವರೂ ಇದ್ದಾರೆ. 25 ಜನರನ್ನೂ ಸೇರಿಸಿದರೆ ಸರಾಸರಿ 2.4 ಲಕ್ಷಕ್ಕೆ ಇಳಿಯುತ್ತದೆ. ಮಧ್ಯಾಂಕ ಸೊನ್ನೆ.

ಇದೂ ನಾವು ಹಾಕಿಕೊಂಡ ಅಂಕಿಯೇ. ನಿಮ್ಮ ಮುಂದಿರುವ ಕೇಂದ್ರದ ಲೆಕ್ಕ ಇದಕ್ಕಿಂತ ಎಷ್ಟೋ ಚೆನ್ನಾಗಿರಬಹುದು. ಅದಕ್ಕೇ ಶುಲ್ಕ ಕಟ್ಟುವ ಮುನ್ನ ಕೌಂಟರಿನಲ್ಲಿ ಕೇಳಿ: ಹಿಂದಿನ ತಂಡದಲ್ಲಿ ಸೇರಿದವರೆಷ್ಟು, ಕೆಲಸ ಸಿಕ್ಕಿದ್ದು ಎಷ್ಟು ಜನಕ್ಕೆ, ಅವರ ಸಂಬಳಗಳನ್ನು ಸಾಲಾಗಿ ಜೋಡಿಸಿದರೆ ನಡುವೆ ಇರುವುದು ಎಷ್ಟು. ಹೆಸರುಗಳು ಬೇಡ, ಮೂರು ಅಂಕಿ ಸಾಕು. ಬಾಯಿಮಾತಿನಲ್ಲಿ ಹೇಳಿದರೆ ಒಂದು ಚೀಟಿಯಲ್ಲಿ ಬರೆಸಿಕೊಳ್ಳಿ.