ಒಡ್ಡಿನ ಹಿಂದಿನ ದಿಬ್ರುಗಢ

ಅಸ್ಸಾಮಿನ ಪೂರ್ವಭಾಗದಲ್ಲಿ, ಬ್ರಹ್ಮಪುತ್ರದ ದಕ್ಷಿಣತೀರದಲ್ಲಿರುವ ದಿಬ್ರುಗಢವನ್ನು ಪ್ರವೇಶಿಸಿದವನಿಗೆ ಮೊದಲು ವಿಚಿತ್ರವೆನಿಸುವುದು, ಅಂಥ ಮಹಾನದಿಯ ದಡದ ಮೇಲೆಯೇ ಇದ್ದರೂ ಊರಿನೊಳಗಿನಿಂದ ಆ ನದಿಯು ಕಣ್ಣಿಗೆ ಬೀಳದಿರುವುದು. ಬೀದಿಗಳ ಕೊನೆಯಲ್ಲಿ ಉದ್ದಾನುದ್ದಕ್ಕೆ ಎದ್ದುನಿಂತಿರುವ ಒಡ್ಡನ್ನು ಹತ್ತಿದ ಮೇಲೆಯೇ ಆ ಅಪಾರ ಜಲರಾಶಿಯ ದರ್ಶನವಾಗತಕ್ಕದ್ದು. ನದಿಯಿಂದಲೇ ಐಶ್ವರ್ಯವನ್ನು ಪಡೆದ ಪಟ್ಟಣವೊಂದು ಆ ನದಿಗೇ ಅಂಜಿ ಗೋಡೆ ಕಟ್ಟಿಕೊಳ್ಳಬೇಕಾಗಿ ಬಂದುದು ಅಲ್ಲಿನ ಇತಿಹಾಸದ ಮುಖ್ಯ ಪ್ರಸಂಗ.

1950ರ ಆಗಸ್ಟ್ 15ರ ಸಂಜೆ, ದೇಶವೆಲ್ಲ ಸ್ವಾತಂತ್ರ್ಯೋತ್ಸವದ ಸಂಭ್ರಮದಲ್ಲಿದ್ದಾಗ, ಟಿಬೆಟ್ಟಿನ ಗಡಿಯ ಬಳಿ ಹುಟ್ಟಿದ 8.6ರ ಪ್ರಮಾಣದ ಭೂಕಂಪವು ಮೇಲಣ ಅಸ್ಸಾಮನ್ನು ಬುಡಸಹಿತ ಅಲುಗಿಸಿತು. ಕುಸಿದ ಬೆಟ್ಟಗಳ ಮಣ್ಣೂ ಮರಳೂ ಉಪನದಿಗಳ ಮೂಲಕ ಇಳಿದುಬಂದು ಬ್ರಹ್ಮಪುತ್ರದ ಪಾತ್ರವನ್ನೇ ಮೇಲೆತ್ತಿದುದರಿಂದ, ತನ್ನ ಪಾತ್ರದಲ್ಲಿ ಹಿಡಿಸಲಾರದ ನೀರು ದಡವನ್ನು ಕೊರೆಯತೊಡಗಿತು. 1954ರ ಮಳೆಗಾಲದ ಹೊತ್ತಿಗೆ ಹಳೆಯ ಊರಿನ ದೊಡ್ಡ ಭಾಗವೊಂದು, ಮನೆಮಠ ಅಂಗಡಿಬೀದಿಗಳ ಸಮೇತ, ಪ್ರವಾಹದ ಪಾಲಾಯಿತು. ಇಂದಿನ ಒಡ್ಡು ಆ ಭೀತಿಯ ಸಂತಾನ.

ಅದಕ್ಕೆ ಮೊದಲು ನದಿಯು ಕೊಟ್ಟದ್ದೇನು ಕಡಿಮೆಯಲ್ಲ. ಈ ಸೀಮೆಯ ಸಿಂಗ್ಫೋ ಜನರು ಕಾಡುಚಹದ ಎಲೆಯ ಕಷಾಯವನ್ನು ಬಹುಕಾಲದಿಂದ ಕುಡಿಯುತ್ತಿದ್ದರು. 1823ರಲ್ಲಿ ರಾಬರ್ಟ್ ಬ್ರೂಸ್ ಎಂಬ ವರ್ತಕನು ಅದನ್ನು ಕಂಡುಹಿಡಿದನೆಂದು ಹೇಳುವಾಗ, ಅವನಿಗೆ ದಾರಿ ತೋರಿದವನು ಮಣಿರಾಮ ದೇವಾನನೆಂಬುದನ್ನು ಮರೆಯಲಾಗದು. ಮುಂದೆ ತಾನೇ ತೋಟ ಹಾಕಿ ಭಾರತೀಯರಲ್ಲಿ ಮೊದಲ ಚಹಾ ಬೆಳೆಗಾರನೆನಿಸಿದ ಆ ಮಣಿರಾಮನನ್ನು ಆಂಗ್ಲ ಸರಕಾರವು 1858ರಲ್ಲಿ, ಸಿಪಾಯಿದಂಗೆಯ ಕಾಲದ ಸಂಚಿನ ಅಪವಾದ ಹೊರಿಸಿ, ಜೋರಹಾಟಿನಲ್ಲಿ ಗಲ್ಲಿಗೇರಿಸಿತು. ಚಹದ ಪೆಟ್ಟಿಗೆಗಳನ್ನು ಹೊತ್ತ ಹೊಗೆಹಡಗುಗಳು ಕಲ್ಕತ್ತೆಗೆ ಹೋಗುತ್ತಿದ್ದವು. 1882ರಲ್ಲಿ ಹಡಗುಕಟ್ಟೆಯಿಂದಲೇ ಒಳನಾಡಿಗೆ ರೈಲುಹಳಿ ಹೊರಟಿತು. ವ್ಯಾಪಾರಕ್ಕೆ ಮಾರವಾಡಿಗಳೂ ಗುಮಾಸ್ತಿಕೆಗೆ ಬಂಗಾಳಿಗಳೂ ಬಂದರು. ಮೊದಲ ಅಸ್ಸಾಮೀ ಚಿತ್ರವಾದ ‘ಜಯಮತಿ’ಯನ್ನು 1935ರಲ್ಲಿ ತೆರೆಗೆ ತಂದ ಜ್ಯೋತಿಪ್ರಸಾದ ಅಗರವಾಲರು ಹುಟ್ಟಿದ್ದು ಈ ಸೀಮೆಯ ತಾಮೂಲ್‌ಬಾರಿ ತೋಟದಲ್ಲಿ, ಅವರ ಪೂರ್ವಿಕರು ರಾಜಸ್ಥಾನದಿಂದ ಬಂದವರು.

ಊರಿನಾಚೆ ತೋಟಗಳಿಗೆ ಹೋದರೆ ಗಡಿಯಾರವೇ ಬೇರೆ. ಪೂರ್ವದಲ್ಲಿ ಸೂರ್ಯನು ಬೇಗ ಹುಟ್ಟುವುದರಿಂದ, ದೇಶದ ವೇಳೆಗಿಂತ ಒಂದು ಗಂಟೆ ಮುಂದಾಗಿರುವ ‘ಬಾಗಾನ್ ವೇಳೆ’ಯು ಅಲ್ಲಿ ಇಂದಿಗೂ ನಡೆಯುತ್ತದೆ. ಸೊಂಟದೆತ್ತರಕ್ಕೆ ಸವರಿದ ಗಿಡಗಳ ನಡುವೆ ನಿಂತು, ಎರಡೆಲೆ ಒಂದು ಮೊಗ್ಗನ್ನು ಬೆರಳ ತುದಿಯಿಂದ ಚಿವುಟಿ ಬೆನ್ನ ಮೇಲಿನ ಬುಟ್ಟಿಗೆ ಹಾಕುವ ಹೆಂಗಸರ ಕೈವೇಗ ನೋಡತಕ್ಕದ್ದು. ಎಲೆಯನ್ನು ಬಾಡಿಸಿ, ಅರೆದು, ಕಂದುಬಣ್ಣಕ್ಕೆ ತಿರುಗುವಂತೆ ಗಾಳಿಗೆ ಹರಡಿ, ಒಣಗಿಸುವ ಕೆಲಸವೆಲ್ಲ ಯಂತ್ರಶಾಲೆಯದು. ಆದರೆ ಅದೆಲ್ಲದರ ಗುಣವು ಈ ಚಿವುಟುವಿಕೆಯನ್ನೇ ನೆಚ್ಚಿಕೊಂಡಿದೆ.

ಈ ಹೆಂಗಸರ ಹಿರಿಯರನ್ನು ಛೋಟಾನಾಗಪುರ, ಒರಿಸ್ಸಾ ಮೊದಲಾದ ಕಡೆಗಳಿಂದ ಕರಾರುಪತ್ರಕ್ಕೆ ಹೆಬ್ಬೆಟ್ಟೊತ್ತಿಸಿಕೊಂಡು ತಂದರು. ತಪ್ಪಿಸಿಕೊಂಡವರನ್ನು ಹಿಡಿಯುವ ಅಧಿಕಾರವನ್ನು ಕಾನೂನೇ ತೋಟದ ಧಣಿಗೆ ಕೊಟ್ಟಿದ್ದ ಕಾಲವದು. ಅನೇಕ ಭಾಷೆಗಳು ಬೆರೆತ ಸಾದ್ರಿಯೂ, ಮಾದಲದ ತಾಳಕ್ಕೆ ಕೈಕೈ ಹಿಡಿದು ಕುಣಿಯುವ ಝುಮೂರವೂ ಅವರು ಉಳಿಸಿಕೊಂಡ ಆಸ್ತಿ. ಪ್ರವಾಸಿಗಳ ಮುಂದೆ ಝುಮೂರವನ್ನು ಪ್ರದರ್ಶಿಸುವ ಉತ್ಸಾಹದಲ್ಲಿ ಅರ್ಧವಾದರೂ ಅವರ ಕೂಲಿಯ ವಿಷಯದಲ್ಲಿ ತೋರಿದ್ದರೆ ಒಳಿತಾಗುತ್ತಿತ್ತು. ಅವರ ಬಂಧುಗಳು ಮೂಲಸೀಮೆಗಳಲ್ಲಿ ಪರಿಶಿಷ್ಟ ಪಂಗಡದವರು; ಅಸ್ಸಾಮಿನಲ್ಲಿ ಅದೇ ಮಾನ್ಯತೆಗಾಗಿ ಇವರು ಬಹುಕಾಲದಿಂದ ಹೋರಾಡುತ್ತ ಬಂದಿದ್ದಾರೆ.

ನದಿಯೊಡನೆ ನಗರದ ಸಂಬಂಧವು ಈಚೆಗೆ ಮತ್ತೊಂದು ಬಗೆಯಾಗಿದೆ. ಸಮೀಪದ ಬೋಗಿಬೀಲಿನಲ್ಲಿ, ಮೇಲೆ ರಸ್ತೆಯೂ ಕೆಳಗೆ ರೈಲೂ ಹಾಯುವ 4.94 ಕಿಲೋಮೀಟರಿನ ಸೇತುವೆಗೆ 1997ರಲ್ಲಿ ಶಿಲಾನ್ಯಾಸ ಮಾಡಿದವರು ಪ್ರಧಾನಿಯಾಗಿದ್ದ ನಮ್ಮ ಎಚ್. ಡಿ. ದೇವೇಗೌಡರು, ಅದು ಸಂಚಾರಕ್ಕೆ ತೆರೆದದ್ದು 2018ರ ಡಿಸೆಂಬರಿನಲ್ಲಿ. 1900ರ ಬೆರ್ರಿ ವೈಟ್ ವೈದ್ಯಶಾಲೆಯಿಂದ ಬೆಳೆದು 1947ರಲ್ಲಿ ಅಸ್ಸಾಂ ಮೆಡಿಕಲ್ ಕಾಲೇಜಾದ ಆಸ್ಪತ್ರೆಗೆ ಉತ್ತರತೀರದ ಧೇಮಾಜಿಯ ರೋಗಿಯು ಹಿಂದೆ ದೋಣಿಯ ವೇಳೆಯನ್ನು ಕಾಯಬೇಕಾಗಿತ್ತು. ಈಗ ಅವನು ಅಪರಾತ್ರಿಯಲ್ಲಿಯೂ ಮೋಟಾರಿನಲ್ಲಿ ಬಂದು ಸೇರಬಲ್ಲನು.