ಸವೆದದ್ದು ಟೈರ್, ಬಾಗಿದ್ದು ಆಕ್ಸೆಲ್

ಅಮೆರಿಕದ ಹೆದ್ದಾರಿಗಳಲ್ಲಿ ಪಿಕಪ್ ಟ್ರಕ್ಕುಗಳ ಹಿಂದೆ ಸಾಗುವ ಟ್ರಾವೆಲ್ ಟ್ರೇಲರ್ ಎಂದರೆ ಅಡುಗೆಮನೆ, ಹಾಸಿಗೆ, ಬಚ್ಚಲು ಎಲ್ಲವನ್ನೂ ಹೊತ್ತ ಪುಟ್ಟ ಮನೆ. ಅದರ ಮಾಲೀಕರನ್ನು ಬಹುಕಾಲದಿಂದ ಕಾಡುತ್ತಿರುವ ತೊಂದರೆಯೊಂದಿದೆ. ಟೈರಿನ ಒಂದು ಅಂಚು ನುಣ್ಣಗೆ ಸವೆದಿರುತ್ತದೆ, ಇನ್ನೊಂದು ಅಂಚಿನ ಗ್ರಿಪ್ ಹೊಸದರಂತೆಯೇ ಇರುತ್ತದೆ. ಟೈರ್ ಕಳಪೆ ಎಂದುಕೊಂಡು ಹೊಸದನ್ನು ಹಾಕಿಸುತ್ತಾರೆ, ಅದೂ ಹಾಗೆಯೇ ಸವೆಯುತ್ತದೆ. ಇದು ಟೈರಿನ ತಪ್ಪಲ್ಲ. ಟ್ರೇಲರ್ ಮನೆಯಾಗಿ ಬೆಳೆಯುತ್ತಾ ಹೋದಾಗ ಅದರ ಆಕ್ಸೆಲ್ ಮಾತ್ರ ಗಾಡಿಯ ಅಚ್ಚಿನಂತೆಯೇ ಉಳಿದುಬಿಟ್ಟದ್ದರ ಫಲ ಇದು.

1930ರ ದಶಕದ ಆರ್ಥಿಕ ಕುಸಿತದ ಕಾಲದಲ್ಲಿ ಎಷ್ಟೋ ಜನ ಹಳೆಯ ಕಾರುಗಳ ಆಕ್ಸೆಲ್ ಬಿಚ್ಚಿ ತಂದು, ಅದರ ಮೇಲೆ ಮರದ ಚೌಕಟ್ಟು ಕಟ್ಟಿ ಸ್ವತಃ ಟ್ರೇಲರ್ ಮಾಡಿಕೊಳ್ಳುತ್ತಿದ್ದರು. 1936ರಲ್ಲಿ ವಾಲಿ ಬಯಮ್ ಅವರ ಏರ್‌ಸ್ಟ್ರೀಮ್ ಕಂಪನಿ ಅಲ್ಯೂಮಿನಿಯಂ ಮೈಯ ‘ಕ್ಲಿಪ್ಪರ್’ ತಂದಿತು. ಎರಡನೇ ಮಹಾಯುದ್ಧದ ನಂತರ ಇಂಡಿಯಾನಾ ರಾಜ್ಯದ ಎಲ್ಕ್‌ಹಾರ್ಟ್ ಸುತ್ತಮುತ್ತ ಈ ಉದ್ಯಮ ಬೇರೂರಿತು. 1956ರ ಹೆದ್ದಾರಿ ಕಾಯ್ದೆಯಿಂದ ಅಂತರರಾಜ್ಯ ಹೆದ್ದಾರಿಗಳು ಹಬ್ಬಿದಂತೆ ಟ್ರೇಲರ್‌ಗಳೂ ಉದ್ದವಾದವು. ನೀರಿನ ಟ್ಯಾಂಕು, ಫ್ರಿಜ್ಜು, ಏಸಿ, ಕೊನೆಗೆ ಪಕ್ಕದಿಂದ ಹೊರಚಾಚುವ ಕೋಣೆಯೂ ಬಂತು. ಕೆಳಗೆ ಮಾತ್ರ ಬಹುತೇಕ ಅದೇ ಏರ್ಪಾಡು: ಉಕ್ಕಿನ ಕೊಳವೆ, ಅದರ ತುದಿಗಳಿಗೆ ಬೆಸೆದ, ಚಕ್ರ ಕೂರುವ ಸ್ಪಿಂಡಲ್, ಮೇಲೆ ಉಕ್ಕಿನ ಪಟ್ಟಿಗಳ ಲೀಫ್ ಸ್ಪ್ರಿಂಗ್. ಅಗ್ಗ, ಗಟ್ಟಿ, ರಿಪೇರಿಗೂ ಸುಲಭ. ಆದರೆ ಕಾರಿನಲ್ಲಿರುವಂತೆ ಬೋಲ್ಟ್ ತಿರುಗಿಸಿ ಚಕ್ರದ ಕೋನ ಸರಿಪಡಿಸಲು ಅದರಲ್ಲಿ ಅವಕಾಶವಿಲ್ಲ. ಕಾರ್ಖಾನೆಯಲ್ಲಿ ಕೂತ ಕೋನವೇ ಕಾಯಂ.

ಆ ಕೋನವನ್ನು ಒಂದು ಲೆಕ್ಕದ ಮೇಲೆ ಇಡುತ್ತಾರೆ. ಕೊಳವೆಯ ನಡುಭಾಗವನ್ನು ಬಿಲ್ಲಿನಂತೆ ಸ್ವಲ್ಪ ಮೇಲಕ್ಕೆ ಉಬ್ಬಿಸಿರುತ್ತಾರೆ. ಭಾರ ಬಿದ್ದಾಗ ಅದು ನೇರವಾಗಿ ಚಕ್ರಗಳು ನೆಟ್ಟಗೆ ನಿಲ್ಲುತ್ತವೆ. ಭಾರ ಮಿತಿ ಮೀರಿದರೆ ನಡುಭಾಗ ಕುಸಿದು, ಚಕ್ರಗಳ ಮೇಲ್ತುದಿ ಒಳಕ್ಕೆ ವಾಲಿ, ಟೈರಿನ ಒಳ ಅಂಚು ಸವೆಯತೊಡಗುತ್ತದೆ. 3,500 ಪೌಂಡ್, ಅಂದರೆ ಸುಮಾರು 1,590 ಕಿಲೋ ಹೊರುವ ಆಕ್ಸೆಲ್ ಈ ವಾಹನಗಳಲ್ಲಿ ತೀರಾ ಸಾಮಾನ್ಯ. 150 ಲೀಟರ್ ಟ್ಯಾಂಕು ತುಂಬಿಸಿದರೆ ನೀರೊಂದೇ 150 ಕಿಲೋ. ಪಾತ್ರೆ, ಬಟ್ಟೆ, ಸೈಕಲ್ಲು ಸೇರುತ್ತಾ ಹೋದಂತೆ ಮಿತಿ ದಾಟಿದ್ದು ಯಾರಿಗೂ ತಿಳಿಯುವುದಿಲ್ಲ. ಹೊರಚಾಚುವ ಕೋಣೆ ಇರುವ ಪಕ್ಕಕ್ಕೆ ಇನ್ನೂ ಹೆಚ್ಚು ಹೊರೆ.

ಚಕ್ರಗಳು ಮುಂದಕ್ಕೆ ನೇರ ನೋಡದಿದ್ದಾಗ ಆಗುವ ಹಾನಿ ಬೇರೆ. ಗ್ಯಾರೇಜಿನವರು ಇದನ್ನು ಟೋ ದೋಷ ಎನ್ನುತ್ತಾರೆ. ಚಕ್ರವೊಂದು ಕಾಲು ಡಿಗ್ರಿ ಓರೆಯಾಗಿದ್ದರೂ, ಪ್ರತಿ ಕಿಲೋಮೀಟರಿಗೆ ಅದನ್ನು ಸುಮಾರು 4 ಮೀಟರ್ ಅಡ್ಡಕ್ಕೆ ಎಳೆದಂತಾಗುತ್ತದೆ. ಇನ್ನು ಜೋಡಿ ಆಕ್ಸೆಲ್ ಇದ್ದರೆ ಪ್ರತಿ ತಿರುವಿನಲ್ಲೂ ಉಜ್ಜಾಟ. ಮ್ಯೂನಿಕ್‌ನ ಗಾಡಿ ತಯಾರಕ ಗಿಯೋರ್ಗ್ ಲಾಂಕೆನ್‌ಸ್ಪರ್ಗರ್ ರೂಪಿಸಿ, 1818ರಲ್ಲಿ ರುಡಾಲ್ಫ್ ಅಕರ್‌ಮನ್ ಲಂಡನ್ನಿನಲ್ಲಿ ಪೇಟೆಂಟ್ ಪಡೆದ ಸ್ಟೀರಿಂಗ್ ಏರ್ಪಾಡಿನ ಹಿಂದಿನ ತತ್ವವಿದು: ತಿರುವಿನಲ್ಲಿ ಎಲ್ಲ ಚಕ್ರಗಳ ಅಚ್ಚಿನ ರೇಖೆಗಳೂ ಒಂದೇ ಬಿಂದುವಿನಲ್ಲಿ ಕೂಡಬೇಕು. ಟ್ರೇಲರಿನ ಎರಡು ಆಕ್ಸೆಲ್‌ಗಳು ಸಮಾಂತರವಾಗಿರುವುದರಿಂದ ಅವು ಎಂದೂ ಕೂಡುವುದಿಲ್ಲ. ಇಕ್ಕಟ್ಟಾದ ಜಾಗದಲ್ಲಿ ತಿರುಗಿಸಿದಾಗ ಟೈರುಗಳು ಉರುಳುವ ಬದಲು ಪಕ್ಕಕ್ಕೆ ಜಾರಲೇಬೇಕು.

ಅಗ್ಗದ ಟೈರುಗಳ ಪಾಲು ಇದರಲ್ಲಿ ಏನೂ ಇಲ್ಲವೇ ಎಂಬ ಪ್ರಶ್ನೆ ನ್ಯಾಯವಾದದ್ದೇ. ಕಳಪೆ ಟೈರುಗಳಿವೆ; ಆದರೆ ಅವು ಸಾಮಾನ್ಯವಾಗಿ ಪದರ ಕಿತ್ತುಬಂದು ಅಥವಾ ಒಡೆದು ಕೈಕೊಡುತ್ತವೆ. ಗಾಳಿ ಕಡಿಮೆಯಿದ್ದರೆ ಎರಡೂ ಅಂಚುಗಳು ಸವೆಯುತ್ತವೆ, ಹೆಚ್ಚಿದ್ದರೆ ನಡುಭಾಗ. ಒಂದೇ ಅಂಚು ಮತ್ತೆ ಮತ್ತೆ ಸವೆದರೆ ಸಂಶಯ ಆಕ್ಸೆಲ್ ಮೇಲೆ ಬರಬೇಕು. ಲೀಫ್ ಸ್ಪ್ರಿಂಗಿನ ಕಾಲ ಮುಗಿಯಿತಲ್ಲ ಎಂಬ ಇನ್ನೊಂದು ವಾದವೂ ಇದೆ. ಕೊಳವೆಯೊಳಗೆ ರಬ್ಬರ್ ತುಂಬಿ ಪ್ರತಿ ಚಕ್ರಕ್ಕೂ ಬೇರೆ ಬೇರೆ ಚಲನೆ ಕೊಡುವ ಆಕ್ಸೆಲ್ಲನ್ನು ಏರ್‌ಸ್ಟ್ರೀಮ್ 1961ರಲ್ಲೇ ಅಳವಡಿಸಿತು. ಸವಾರಿ ಹಿತವಾಯಿತು ನಿಜ. ಆದರೆ ಆ ರಬ್ಬರ್ ವರ್ಷಗಳುರುಳಿದಂತೆ ಪುಟಿಯುವ ಗುಣ ಕಳೆದುಕೊಳ್ಳುತ್ತದೆ. ಲೀಫ್ ಸ್ಪ್ರಿಂಗುಗಳ ನಡುವೆ ಭಾರ ಹಂಚುವ ತೂಗುತುಂಡು ಈ ರಬ್ಬರ್ ಆಕ್ಸೆಲ್ಲಿನಲ್ಲಿಲ್ಲ, ಹಾಗಾಗಿ ಟ್ರೇಲರಿನ ಮೂತಿ ಎತ್ತರವಾಗಿದ್ದರೆ ಹೆಚ್ಚಿನ ಹೊರೆ ಹಿಂದಿನ ಆಕ್ಸೆಲ್‌ಗೆ ಸರಿಯುತ್ತದೆ.

ಆದ್ದರಿಂದ ಹೊಸ ಟೈರ್ ಕೊಳ್ಳುವ ಮೊದಲು ಆಗಬೇಕಾದ ಕೆಲಸ ತೂಕ ನೋಡುವುದು. ಅದೂ ಇಡೀ ವಾಹನದ್ದಲ್ಲ, ಪ್ರತಿ ಚಕ್ರದ್ದು. ವೇ ಬ್ರಿಡ್ಜ್ ಕೊಡುವ ಒಟ್ಟು ಲೆಕ್ಕದಲ್ಲಿ ಎಡ-ಬಲದ ವ್ಯತ್ಯಾಸ ಅಡಗಿಬಿಡುತ್ತದೆ. ಬಾಗಿದ ಆಕ್ಸೆಲ್ಲನ್ನು ಹೈಡ್ರಾಲಿಕ್ ಜಾಕ್‌ನಿಂದ ಒತ್ತಿ ಮತ್ತೆ ಹದಕ್ಕೆ ತರುವ ನುರಿತ ಅಂಗಡಿಗಳಿವೆ. ಆದರೆ ಹೊಣೆ ಮಾಲೀಕರದ್ದಷ್ಟೇ ಅಲ್ಲ. ಮನೆಯಷ್ಟು ಸಾಮಾನು ತುಂಬಲೆಂದೇ ಮಾರುವ ವಾಹನಕ್ಕೆ ಆ ಸಾಮಾನನ್ನು ನಿರಾಳವಾಗಿ ಹೊರುವ ಆಕ್ಸೆಲ್ ಕೊಡುವುದು ತಯಾರಕರ ಕರ್ತವ್ಯ. ಉಳಿಸಿದ ಆ ಸ್ವಲ್ಪ ಉಕ್ಕಿನ ಬೆಲೆಯನ್ನು ಇಂದು ಗ್ರಾಹಕರು ಟೈರಿನ ಲೆಕ್ಕದಲ್ಲಿ ತೆರುತ್ತಿದ್ದಾರೆ. ವೇಗದಲ್ಲಿ ಟೈರ್ ಸಿಡಿದರೆ ಅದು ಹಣಕ್ಕೆ ಮುಗಿಯುವ ಮಾತೂ ಅಲ್ಲ.